ಬಲಕ್ಕೆ ನಮ್ಮದು, ಎಡಕ್ಕೆ ಅವಳದು

ಫೆಬ್ರವರಿ 11, ಭಾನುವಾರ

ಇವತ್ತು ಸೊಸೆಯ ದೇಶ ಹುಟ್ಟಿದ ದಿನವಂತೆ. ಇರಲಿ, ನಮ್ಮ ದೇಶವೂ ಒಂದು ದಿನ ಹುಟ್ಟಿದ್ದೇ. ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಧ್ವಜ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ಅವಳು ಹಿಂದೆ ಬಂದು ನಿಂತು, "ಅತ್ತೆ, ನೀನು ದಿನಾ ಹಾಕ್ತೀಯಲ್ಲ, ಇವತ್ತೊಂದು ದಿನ ನಾನು ನಂದೂ ಹಾಕ್ಲಾ?" ಎಂದಳು.

ನನಗೆ ಚುಚ್ಚಿದ್ದು ಬಾವುಟವಲ್ಲ, 'ನೀನು'. ಆ ಹುಡುಗಿ ನಮ್ಮ ಮಾತು ಕಲಿತದ್ದು ನನ್ನ ಮಗನ ಬಾಯಿಂದ. ಅವನು ನನಗೆ 'ಅಮ್ಮ, ನೀನು ಬಾ, ನೀನು ಕೂತ್ಕೋ' ಅನ್ನುತ್ತಾನೆ, ಇವಳೂ ಹಾಗೇ ಅನ್ನುತ್ತಾಳೆ. ಮಗ ಅಂದರೆ ಸಲಿಗೆ. ಸೊಸೆ ಅಂದರೆ ಕೇಳಿದವರು ಏನೆಂದುಕೊಂಡಾರು? ಮಗ ಹಡಗಿನ ಇಂಜಿನಿಯರ್. ಮದುವೆಯಾದ ಮೇಲೆ ಮನೆಯಲ್ಲಿದ್ದದ್ದಕ್ಕಿಂತ ನೀರಿನ ಮೇಲೆ ಇದ್ದದ್ದೇ ಹೆಚ್ಚು. ಅವನು ತಿದ್ದಲಿ ಎಂದು ಕಾದು ಕಾದು ಇವತ್ತು ನಾನೇ ಹೇಳಿಬಿಟ್ಟೆ. "ಅತ್ತೆಗೆ ನೀವು ಅನ್ಬೇಕು. ಬನ್ನಿ, ಕೂತ್ಕೊಳ್ಳಿ, ಹಾಕ್ತೀರಲ್ಲ. ಗೊತ್ತಾಯ್ತಾ?"

ಮುಖ ಸಪ್ಪಗಾಯಿತು. "ಗೊತ್ತಾಯ್ತು. ನೀವು ದಿನಾ ಹಾಕ್ತೀರಲ್ಲ. ನಾನು ಹಾಕ್ಲಾ?"

ಒಂದನ್ನು ಕಿತ್ತುಕೊಂಡ ಮೇಲೆ ಇನ್ನೊಂದಕ್ಕೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸೂರ್ಯ ಮುಳುಗುವ ತನಕ ಮಾತ್ರ ಎಂದೆ.

ಒಪ್ಪಿದ ಮೇಲೆ ಕೆಲಸ ನೆಟ್ಟಗಾಗಬೇಕು. ಅವಳ ಬಟ್ಟೆ ನಮ್ಮ ಧ್ವಜಕ್ಕಿಂತ ಒಂದು ಗೇಣು ಉದ್ದ. ಎರಡು ದೇಶದ್ದನ್ನು ಜೊತೆಗೆ ಹಾಕುವುದಾದರೆ ಕೋಲು ಬೇರೆ ಬೇರೆ, ಅಳತೆ ಒಂದೇ, ಎತ್ತರ ಒಂದೇ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿ ತಲೆ ನರೆತವಳು ನಾನು, ಈ ರಸ್ತೆಯ ಅರ್ಧ ಗಂಡಸರಿಗೆ ಕೈಕಾಲು ನೆಟ್ಟಗೆ ಇಡಲು ಕಲಿಸಿದವಳು. ನನ್ನ ಬಾಲ್ಕನಿಯಲ್ಲಿ ತಪ್ಪು ನಡೆಯಬಾರದು. ಅಂಚು ಮಡಚಿ ಹೊಲಿದೆ. ಕತ್ತರಿ ಹಾಕಲಿಲ್ಲ, ಬಟ್ಟೆ ಒಳ್ಳೆಯದು.

ಇನ್ನೊಂದು ಕೋಲು ನಿಲ್ಲಿಸಿ ಕಟ್ಟಲು ಹೋದರೆ ಇವಳು ಬಲಗಡೆಯ ಕೋಲಿಗೇ ಕೈ ಹಾಕಿದಳು. ಬೀದಿಗೆ ಮುಖ ಮಾಡಿ ನಿಂತಾಗ ಬಲಗೈ ಕಡೆಯದು ಮನೆಯವರದು, ಎಡಗೈ ಕಡೆಯದು ಅತಿಥಿಯದು ಎಂದು ಹೇಳಿಕೊಟ್ಟೆ.

"ಬಲ ಅಂದ್ರೆ ಶಕ್ತಿ ಅಲ್ವಾ ಅತ್ತೆ? ಹಂಗಾದ್ರೆ ನಿಮ್ಮದು ಶಕ್ತಿ ಕಡೆ, ನಂದು ಎಡವಟ್ಟಿನ ಕಡೆ."

ನಗು ಬಂತು. ನಗಲಿಲ್ಲ. ಸಂಜೆ ಹೇಳಿದ ಹೊತ್ತಿಗೆ ತಾನೇ ಇಳಿಸಿ ಮಡಚಿಟ್ಟಳು.

ಫೆಬ್ರವರಿ 12, ಸೋಮವಾರ

ಮಗನ ಹಡಗನ್ನು ಹಿಡಿದಿಟ್ಟಿದ್ದಾರೆ. ಬೆಳಿಗ್ಗೆ ಟಿವಿಯಲ್ಲಿ ಬಂತು. ಹಿಡಿದವರು ಬೇರೆ ಯಾರೂ ಅಲ್ಲ, ಇವಳ ದೇಶದವರು. ಇವಳು ಹುಟ್ಟಿ ಬೆಳೆದ ಬಂದರಿನಲ್ಲೇ ನಿಲ್ಲಿಸಿದ್ದಾರೆ. ನಮ್ಮ ಹಡಗು ಅವರ ಸಮುದ್ರಕ್ಕೆ ನುಗ್ಗಿತಂತೆ. ನೀರಿನ ಮೇಲೆ ಗೆರೆ ಎಳೆದವರು ಯಾರೋ, ಅದನ್ನು ದಾಟಿದವರು ಯಾರೋ. ಒಬ್ಬರನ್ನೂ ಇಳಿಯಲು ಬಿಡುತ್ತಿಲ್ಲ.

ಕಂಪನಿಗೆ ಫೋನ್ ಮಾಡಿ ಮಾಡಿ ಬೆರಳು ನೋವು ಬಂತು. ಎಲ್ಲರೂ ಕ್ಷೇಮ, ಮಾತುಕತೆ ನಡೆಯುತ್ತಿದೆ, ಇಷ್ಟೇ ಮಾತು. ಫೋನ್ ಇಟ್ಟು ಹೊರಗೆ ಬಂದರೆ ಬಾಲ್ಕನಿಯ ಎಡಗಡೆ, ನಿನ್ನೆ ಇಳಿಸಿದ ಅವಳ ಬಾವುಟ ಮತ್ತೆ ಹಾರುತ್ತಿದೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಇಳಿಸು ಅದನ್ನ."

"ಇಲ್ಲ ಅತ್ತೆ."

"ನಿನ್ನ ಗಂಡನ್ನ ಹಿಡಿದಿಟ್ಟಿರೋರ ಬಾವುಟ ಅದು."

"ಹಿಡಿದೋರದ್ದಲ್ಲ. ನಮ್ಮಪ್ಪಂದು." ಅಳುತ್ತಿದ್ದಳು, ಆದರೂ ದನಿ ಗಟ್ಟಿಯಾಗಿಯೇ ಇತ್ತು. "ಅಪ್ಪ ಬೆಳಿಗ್ಗೆನೇ ದೋಣಿ ತಗೊಂಡು ಹೋಗಿ ಹಡಗಿನ ಪಕ್ಕ ನಿಂತಿದಾನೆ. ಪೊಲೀಸರು ಬೈದ್ರೂ ಹೋಗ್ಲಿಲ್ಲ. ಇವತ್ತು ನಾನು ಇದನ್ನ ಮುಚ್ಚಿಟ್ರೆ ಅವನ್ನೂ ಮುಚ್ಚಿಟ್ಟ ಹಾಗೆ."

ಅವಳ ಅಪ್ಪ ದೋಣಿಯಲ್ಲಿ ನಿಂತರೆ ನನ್ನ ಮಗ ಮನೆಗೆ ಬರುತ್ತಾನೆಯೇ? ಇದನ್ನು ಕೇಳಿಯೂ ಬಿಟ್ಟೆ.

ಫೆಬ್ರವರಿ 13, ಮಂಗಳವಾರ

ಅವಳು ಸ್ನಾನಕ್ಕೆ ಹೋದಾಗ ಆ ಬಾವುಟ ಇಳಿಸಿ ಬೀರುವಿನಲ್ಲಿಟ್ಟೆ. ಮುದ್ದೆ ಮಾಡಿ ತುರುಕಲು ಕೈ ಬರಲಿಲ್ಲ, ಮಡಚಿಯೇ ಇಟ್ಟೆ. ಅವಳು ಬಂದು ನೋಡಿ, ಬೀರು ತೆಗೆದು ಮತ್ತೆ ಏರಿಸಿದಳು. ಅಡುಗೆಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಮಧ್ಯಾಹ್ನ ಅವಳು ಮಲಗಿದಾಗ ಎರಡನೇ ಸಲ ಇಳಿಸಲು ಹೋದೆ. ಎಂಥ ಗಂಟು ಹಾಕಿದ್ದಾಳೆ ಅಂದರೆ, ಮೂಟೆಗೂ ಯಾರೂ ಹಾಗೆ ಕಟ್ಟುವುದಿಲ್ಲ. ಗಾಳಿಗೆ ಬಟ್ಟೆಯ ಒಂದು ಮೂಲೆ ಜೋತುಬಿದ್ದಿತ್ತು. ನೋಡಲಾಗಲಿಲ್ಲ. ಬಿಚ್ಚಿ, ಹಗ್ಗ ಎಳೆದು, ಸರಿಯಾಗಿ ಕಟ್ಟಿ ಒಳಗೆ ಬಂದೆ. ಕುರ್ಚಿಯಲ್ಲಿ ಕೂತ ಮೇಲೆ ನೆನಪಾಯಿತು, ನಾನು ಹೋಗಿದ್ದು ಇಳಿಸಲು.

ಫೆಬ್ರವರಿ 15, ಗುರುವಾರ

ಮಗನ ಫೋನ್ ಬಂತು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಮ್ಮ, ಚೆನ್ನಾಗಿದೀನಿ. ಊಟ ಕಮ್ಮಿ, ಅಷ್ಟೇ. ಮಾವ ದಿನಾ ದೋಣಿಯಲ್ಲಿ ಬರ್ತಾರೆ, ಕೆಳಗಿಂದ ಕೂಗಿ ಮಾತಾಡಿಸ್ತಾರೆ. ಅವಳನ್ನ ನೋಡ್ಕೋ. ಅವಳಿಗೆ ಅಲ್ಲಿ ಇರೋದು ನೀನೊಬ್ಳೇ."

ನೋಡ್ಕೋತೀನಿ ಎನ್ನುವಷ್ಟರಲ್ಲಿ ಕಡಿದುಹೋಯಿತು. ಅವನು ಕೇಳಿಸಿಕೊಂಡನೋ ಇಲ್ಲವೋ. ಆ ಮಾತು ನಾನು ಆಡಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ಅದೂ ಈಗ ಗೊತ್ತಾಗುತ್ತಿಲ್ಲ.

ಫೆಬ್ರವರಿ 16, ಶುಕ್ರವಾರ

ರಸ್ತೆ ಕೊನೆಯ ಬೇಕರಿಯವನ ತಮ್ಮನೂ ಅದೇ ಹಡಗಿನಲ್ಲಿದ್ದಾನೆ, ಅಡುಗೆ ಕೆಲಸಕ್ಕೆ. ಆ ಕೆಲಸ ಕೊಡಿಸಿದ್ದೇ ನನ್ನ ಮಗ. ನಿನ್ನೆ ಸೊಸೆ ಬ್ರೆಡ್ ತರಲು ಹೋದರೆ ಅವನು ಒಲೆಯ ಕಡೆ ತಿರುಗಿ ನಿಂತುಬಿಟ್ಟನಂತೆ. ಅವಳು ಬರಿಗೈಯಲ್ಲಿ ಬಂದಳು. ಇವತ್ತು ನಾನು ಹೋದೆ.

"ನಿಮಗೆ ಕೊಡ್ತೀನಿ ಮೇಡಂ. ಎಷ್ಟು ಬೇಕಾದ್ರೂ ತಗೊಳ್ಳಿ. ಅವರಿಗೆ ಮಾತ್ರ ನನ್ನ ಕೈಯಲ್ಲಿ ಕೊಡಕ್ಕಾಗಲ್ಲ. ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ತೆಗೆದ್ರೆ ಎದುರಿಗೆ ಆ ಬಾವುಟ. ಒಲೆಗೆ ಕೈ ಹಾಕಿದ್ರೂ ಅದೇ ಕಣ್ಣಲ್ಲಿ ಇರತ್ತೆ."

ಅವನ ಕಣ್ಣು ಕೆಂಪಾಗಿತ್ತು. ಮನೆಯವರನ್ನು ಕಳಿಸಿಕೊಟ್ಟು ಕಾಯುವವರ ಸಂಕಟ ನನಗೆ ಗೊತ್ತಿಲ್ಲವೇ. ಜಗಳವಾಡಲು ಮನಸ್ಸಾಗಲಿಲ್ಲ. ಬ್ರೆಡ್ಡನ್ನೂ ತರಲಿಲ್ಲ. ಯಾಕೋ ಹಳಸಿದ ಹಾಗೆ ಕಂಡಿತು.

ಫೆಬ್ರವರಿ 17, ಶನಿವಾರ

ಬ್ರೆಡ್ ಇಲ್ಲದೆಯೂ ಬೆಳಗಾಯಿತು.

ಫೆಬ್ರವರಿ 18, ಭಾನುವಾರ

ಸಂಜೆ ಕಲ್ಲು ಬಿತ್ತು. ನಾನು ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಗಾಜು ಒಡೆದು ಮಡಿಲ ತುಂಬ ಚೂರು. ಯಾರೋ ಓಡಿದ ಸದ್ದಾಯಿತು, ಆಮೇಲೆ ರಸ್ತೆ ಏನೂ ಆಗದ ಹಾಗೆ ಸುಮ್ಮನಿತ್ತು.

ಅವಳು ಒದ್ದೆ ಕೈಯಲ್ಲೇ ಓಡಿಬಂದಳು. "ಅತ್ತೆ, ನಿನಗೇನಾದ್ರೂ ಆಯ್ತಾ? ನೀನು ಕದಲಬೇಡ, ಸುಮ್ನಿರು, ಕಾಲು ಕೆಳಗಿಡಬೇಡ."

ಚೂರುಗಳನ್ನು ಒಂದೊಂದೇ ಆರಿಸಿ ತೆಗೆದಳು. ಸೀರೆಯ ನೆರಿಗೆಯಲ್ಲಿ ಸಿಕ್ಕಿದ್ದನ್ನೂ ಹುಡುಕಿದಳು. ಅವಳ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು, ನೋಡಿಕೊಳ್ಳಲೇ ಇಲ್ಲ. ಆ 'ನೀನು' ತಿದ್ದಬೇಕಿತ್ತು. ಗಾಜು ಗುಡಿಸುವ ಹೊತ್ತಿನಲ್ಲಿ ವ್ಯಾಕರಣ ಯಾಕೆಂದು ಬಿಟ್ಟೆ.

ಹೆದರಿಕೆ ಆಯಿತು. ನನಗಾಗಿ ಅಲ್ಲ. ಬಾಲ್ಕನಿಗೆ ಹೆಚ್ಚು ಹೋಗುವವಳು ಅವಳು.

ಫೆಬ್ರವರಿ 20, ಮಂಗಳವಾರ

ನಿವಾಸಿಗಳ ಸಂಘದವರು ಸಭೆ ಕರೆದಿದ್ದರು. ನಮ್ಮ ಮನೆಯದೇ ವಿಷಯ. ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಹಾಲಿಗೆ ಹೋಗುವಾಗಲೂ ಕಂಕುಳಲ್ಲಿ ಫೈಲು ಇರುವುದರಿಂದ ಊರಿಗೆಲ್ಲ ಫೈಲಪ್ಪ. ನಾನು ಹೋದದ್ದು ರಾಜಿಗೆ. ಹುಡುಗಿಗೆ ನಾನೇ ತಿಳಿಹೇಳುತ್ತೇನೆ, ಎರಡು ದಿನ ಕೊಡಿ, ಇಳಿಸುತ್ತಾಳೆ ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ.

ಫೈಲಪ್ಪ ಎದ್ದು ನಿಂತು ಫೋನಿನಲ್ಲಿ ನಮ್ಮ ಬಾಲ್ಕನಿಯ ಫೋಟೋ ಎಲ್ಲರಿಗೂ ತೋರಿಸಿದ. "ಇಂಥ ಹೊತ್ತಲ್ಲಿ ಅವರ ಬಾವುಟ ಹಾಕಿರೋದೇ ಒಂದು ತಪ್ಪು. ಅದರ ಮೇಲೆ ಇದನ್ನ ನೋಡಿ. ಗೌರವದ ಜಾಗ ಬಲಗಡೆ. ಅಲ್ಲಿ ಅವರದ್ದು. ನಮ್ಮದನ್ನ ತಗೊಂಡು ಹೋಗಿ ಎಡಕ್ಕೆ ತಳ್ಳಿದಾರೆ. ಬೇಕು ಅಂತಲೇ ಮಾಡಿರೋ ಅವಮಾನ ಇದು."

ಹೌದು ಹೌದು ಎಂದರು ಎಲ್ಲರೂ. ನನಗೆ ತಡೆಯಲಾಗಲಿಲ್ಲ.

"ಯಾರ ಬಲ?" ಎಂದೆ.

"ಅಂದ್ರೆ ಮೇಡಂ?"

"ನೋಡೋನ ಬಲ ಅಲ್ಲ, ಧ್ವಜದ ಬಲ ನೋಡ್ಬೇಕು. ನೀನು ನನ್ನ ಎದುರಿಗೆ ನಿಂತಿದೀಯ. ಬಲಗೈ ಎತ್ತು. ಎತ್ತಪ್ಪ, ನಾಚ್ಕೋಬೇಡ. ಅದು ನನಗೆ ಯಾವ ಕಡೆ ಕಾಣತ್ತೆ?"

ಫೈಲಪ್ಪ ಫೈಲನ್ನು ಎಡಗೈಗೆ ಬದಲಾಯಿಸಿ ಬಲಗೈ ಎತ್ತಿದ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಸರಿ ಮೇಡಂ, ಎಡ ಬಲ ಬಿಡಿ. ಕಟ್ಟಿದ್ದು ಯಾರು ಅದನ್ನ?"

"ನಾನೇ. ಅಳತೆ ನೋಡಿ ಹೊಲಿದಿದ್ದೂ ನಾನೇ, ಕಟ್ಟಿದ್ದೂ ನಾನೇ. ಒಂದು ಕೂದಲಿನಷ್ಟೂ ತಪ್ಪಿಲ್ಲ ಅದರಲ್ಲಿ."

ಅಲ್ಲಿಯವರೆಗೆ ಮಾತಾಡದೆ ಕೂತಿದ್ದ ಬೇಕರಿಯವನು ತಲೆ ಎತ್ತಿದ. "ನಿಮ್ಮ ಸೊಸೆ ಮಾಡಿದಾರೆ, ನಿಮಗೆ ಹೇಳಕ್ಕಾಗ್ತಿಲ್ಲ ಅಂದ್ಕೊಂಡಿದ್ದೆ ಮೇಡಂ. ನೀವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಪಾಠ ಮಾಡಿದ್ದು ಒಂದು ಅಕ್ಷರವೂ ಹೊರಗೆ ಬರಲಿಲ್ಲ. ನಾಡಿದ್ದು ಬೆಳಿಗ್ಗೆಯೊಳಗೆ ಇಳಿಸದಿದ್ದರೆ ತಾವೇ ಬಂದು ಇಳಿಸುವುದಾಗಿ ತೀರ್ಮಾನವಾಯಿತು. ನಾನು ಹೇಳಿದ್ದು ನಿಯಮದ ಮಾತು, ಅಷ್ಟೇ. ಇವರಿಗೆ ಅದೂ ಅರ್ಥವಾಗುವುದಿಲ್ಲ ಅಂದರೆ ನಾನೇನು ಮಾಡಲಿ.

ಫೆಬ್ರವರಿ 21, ಬುಧವಾರ

ಸುದ್ದಿ ಅವಳ ಕಿವಿಗೂ ಬಿದ್ದಿದೆ. ಮಧ್ಯಾಹ್ನ ನಾನು ಮಾರುಕಟ್ಟೆಯಿಂದ ಬಂದಾಗ ಎಡಗಡೆಯ ಕೋಲು ಬೋಳಾಗಿತ್ತು. ಕೋಣೆಯಲ್ಲಿ ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮಡಚಿದ ಬಾವುಟ ಎಲ್ಲದರ ಮೇಲಿತ್ತು.

ಪಕ್ಕದ ಊರಿನಲ್ಲಿ ಅವಳ ದೇಶದ ಗೆಳತಿಯೊಬ್ಬಳಿದ್ದಾಳಂತೆ. ಸಣ್ಣ ಕೋಣೆಯಂತೆ, ಆದರೂ ಬಾ ಎಂದಿದ್ದಾಳಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತಾಳಂತೆ.

"ನನ್ನಿಂದ ನಿಮ್ಮ ಮೇಲೆ ಕಲ್ಲು ಬೀಳೋದು ಬೇಡ ಅತ್ತೆ. ಅವರೆಲ್ಲ ನಿಮ್ಮ ಹುಡುಗರು. ನಾನು ಇಲ್ದಿದ್ರೆ ಮೊದಲಿನ ಹಾಗೇ ಇರ್ತಾರೆ. ನೀವೂ ಹಾಯಾಗಿ ಇರ್ತೀರಿ."

ಎಷ್ಟು ಅಚ್ಚುಕಟ್ಟಾಗಿ 'ನೀವು' ಅನ್ನುತ್ತಾಳೆ ಈಗ. ನಾನೇ ಕಲಿಸಿದ್ದು.

ಹೋಗಬೇಡ ಎನ್ನಬೇಕು ಎಂದು ನಿಂತೆ. ಬಾಯಿಗೆ ಬಂದದ್ದು "ನಿನ್ನಿಷ್ಟ". ಹಾಳು ನಾಲಿಗೆ. ಶಾಲೆಯ ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದ ಗಂಟಲು, ಪಕ್ಕದಲ್ಲಿರುವ ಹುಡುಗಿಗೆ ಎರಡು ಮಾತು ಹೇಳಲಾರದೆ ಹೋಯಿತು. ಅವಳು ತಲೆ ಅಲ್ಲಾಡಿಸಿ ಮತ್ತೆ ಬಟ್ಟೆ ಮಡಚತೊಡಗಿದಳು.

ಮನೆ ಬಿಕೋ ಎನ್ನುತ್ತಿದೆ. ಅವಳು ಇನ್ನೂ ಹೋಗಿಲ್ಲ, ಆಗಲೇ ಹೀಗೆ.

ಫೆಬ್ರವರಿ 22, ಗುರುವಾರ

ಬೆಳಿಗ್ಗೆ ಧ್ವಜ ಏರಿಸಲಿಲ್ಲ. ನಿವೃತ್ತಿಯಾದ ಮೇಲೆ ಹೀಗಾದದ್ದು ಇದೇ ಮೊದಲು. ಮೊಣಕಾಲು ನೋವಿತ್ತು. ನಿನ್ನೆ ಸಂಜೆ ಇಳಿಸಿ ಮಡಚಿದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದೆ. ಎರಡು ಕೋಲೂ ಖಾಲಿ.

ಫೈಲಪ್ಪ ಹೇಳಿದ ಮಾತಿಗೆ ತಪ್ಪದೆ ಬಂದ. ಹಿಂದೆ ಎಂಟು ಹತ್ತು ಜನ, ಅವರ ಹಿಂದೆ ಕೈಗೆ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯವನು. ಎಲ್ಲರೂ ತಲೆ ಎತ್ತಿ ನೋಡಿದರು. ಜಗಳಕ್ಕೆ ಬಂದವರು ಜಗಳವಾಡಲು ಏನೂ ಸಿಗದೆ ಮುಖ ಮುಖ ನೋಡಿಕೊಂಡರು.

"ಅದನ್ನ ತೆಗೆದಿದ್ದು ಒಳ್ಳೇದಾಯ್ತು ಮೇಡಂ," ಎಂದ ಫೈಲಪ್ಪ. "ಆದ್ರೆ ನಮ್ಮದೆಲ್ಲಿ?"

"ಮೊಣಕಾಲು ನೋವು. ಏರಿಸಕ್ಕಾಗಲ್ಲ."

ಅವಳು ಚೀಲ ಹಿಡಿದುಕೊಂಡು ಹೇಳಿಹೋಗಲು ಬಂದವಳು ಬಾಗಿಲಲ್ಲೇ ನಿಂತಳು. ಖಾಲಿ ಕೋಲುಗಳನ್ನು ನೋಡಿದಳು, ನನ್ನ ಮಡಿಲು ನೋಡಿದಳು.

"ಅತ್ತೆ, ನಿಮ್ಮದು ಯಾಕೆ ಹಾಕಿಲ್ಲ?"

"ಹೇಳಿದ್ನಲ್ಲ, ಮೊಣಕಾಲು."

ಚೀಲ ಕೆಳಗಿಟ್ಟು, ಎರಡೂ ಕೈ ಚಾಚಿ ನನ್ನ ಮಡಿಲಿನಿಂದ ನಮ್ಮ ಧ್ವಜ ಎತ್ತಿಕೊಂಡಳು. ಬಲಗಡೆಯ ಕೋಲಿಗೆ ಹೋಗಿ, ನಾನು ಹಾಕುವಂಥದೇ ಗಂಟು ಹಾಕಿದಳು. ಯಾವಾಗ ನೋಡಿ ಕಲಿತಳೋ. ಧ್ವಜ ಮೇಲೇರತೊಡಗಿದಾಗ ನಾನು ಎದ್ದು ನಿಂತೆ. ಅಭ್ಯಾಸಬಲ, ಗಂಟಲು ತಾನಾಗಿ ತೆರೆದುಕೊಂಡಿತು.

"ಸಾವಧಾನ್."

ಕೆಳಗೆ ಅಷ್ಟೂ ಜನ ನೆಟ್ಟಗಾದರು. ಹೊಟ್ಟೆ ಒಳಗೆ, ಎದೆ ಮುಂದೆ, ಕೈ ಪಕ್ಕಕ್ಕೆ. ಫೈಲಪ್ಪನ ಫೈಲು ಜಾರಿ ನೆಲಕ್ಕೆ ಬಿತ್ತು, ಅವನು ಬಗ್ಗಲಿಲ್ಲ. ಧ್ವಜ ತುದಿ ಮುಟ್ಟಿತು. ಅವಳು ಹಗ್ಗ ಬಿಗಿದಳು.

ಇಲ್ಲಿ ನಾನು 'ವಿಶ್ರಾಮ್' ಎನ್ನಬೇಕು. ಅನ್ನಲಿಲ್ಲ. ಅದು ಹೇಳುವ ತನಕ ಯಾರೂ ಕದಲುವ ಹಾಗಿಲ್ಲ, ಇವರಿಗೆ ಚಡ್ಡಿ ಹಾಕುವ ವಯಸ್ಸಿನಲ್ಲೇ ಅಷ್ಟು ಕಲಿಸಿದ್ದೇನೆ. ಬಗ್ಗಿ ಅವಳ ಚೀಲದ ಜಿಪ್ ಎಳೆದು, ಮೇಲೇ ಇದ್ದ ಅವಳ ಧ್ವಜ ತೆಗೆದೆ. ಎಡಗಡೆಯ ಕೋಲಿಗೆ ಕಟ್ಟಿದೆ. ಆತುರಪಡದೆ ಏರಿಸಿದೆ. ಮೊಣಕಾಲು ನೋವು ಆ ಹೊತ್ತಿಗೆ ಬಿಟ್ಟಿತ್ತು, ಹಾಗೆ ಬಂದು ಹೋಗುವುದುಂಟು. ಫೈಲಪ್ಪನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಪಕ್ಕದಲ್ಲಿ ನಮ್ಮ ಧ್ವಜ ಹಾರುತ್ತಿದೆ, ಅಪ್ಪಣೆಯಾಗಿಲ್ಲ, ಅವನು ಏನು ಮಾಡಿಯಾನು.

ಎರಡೂ ಒಂದೇ ಮಟ್ಟಕ್ಕೆ ಬಂದಿವೆಯೇ ಎಂದು ನೋಡಿದೆ. ಬಂದಿದ್ದವು. ಕಂಬಿ ಹಿಡಿದು ಕೆಳಗೆ ನೋಡಿದೆ.

"ನನ್ನ ಮಗನೂ ಆ ಹಡಗಲ್ಲೇ ಇದಾನೆ," ಎಂದೆ. "ಅವನ ಹತ್ರ ಹೋಗಿ ಚೆನ್ನಾಗಿದೀಯಾ ಅಂತ ಕೇಳೋದು ಈ ದೇಶದಲ್ಲಿ ಯಾರ ಕೈಲೂ ಆಗ್ತಿಲ್ಲ. ಇವಳಪ್ಪ ದಿನಾ ಹೋಗಿ ಕೇಳ್ತಿದಾನೆ. ಅವನ ಬಾವುಟ ಇದು. ಇವಳು ನನ್ನ ಮನೆಯವಳು. ಇಳಿಸೋದಾದ್ರೆ ಹತ್ತಿ ಬನ್ನಿ, ಬಾಗಿಲು ತೆಗೆದೇ ಇದೆ. ವಿಶ್ರಾಮ್."

ಯಾರೂ ಹತ್ತಲಿಲ್ಲ. ಕೈಕಾಲು ಸಡಿಲಾದರೂ ಯಾರೂ ಹೋಗಲೂ ಇಲ್ಲ. ಹಾಗೇ ಒಂದಿಷ್ಟು ಹೊತ್ತು ನಿಂತಿದ್ದೆವು, ಅವರು ಕೆಳಗೆ, ನಾವು ಮೇಲೆ. ಮೆಟ್ಟಿಲ ಮೇಲೆ ಮೊದಲ ಹೆಜ್ಜೆ ಯಾರದು ಕೇಳುತ್ತದೋ ಎಂದು ಕಿವಿಗೊಟ್ಟೆ. ಕೊನೆಗೆ ಬೇಕರಿಯವನು ಜನರನ್ನು ಸರಿಸಿಕೊಂಡು ಮುಂದೆ ಬಂದ. ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದ. ಹಡಗು ಹಿಡಿದ ಮೇಲೆ ಮೊದಲ ಸಲ ಅವಳ ಜೊತೆ ಮಾತಾಡಿದ.

"ನಿಮ್ಮಪ್ಪ ನನ್ನ ತಮ್ಮನ್ನ ನೋಡಿದಾರೇನಮ್ಮ?"

"ನೋಡಿದಾನೆ. ಅಡುಗೆ ಮಾಡೋ ಅಣ್ಣ ಅಲ್ವಾ, ಎತ್ತರದೋರು? ದಿನಾ ಕೈ ಬೀಸ್ತಾರಂತೆ. ನಿನ್ನೆ ಏನೋ ಕೂಗಿ ಹೇಳಿದ್ರಂತೆ, ಅಪ್ಪಂಗೆ ಅರ್ಥ ಆಗ್ಲಿಲ್ಲ. ಈಗ ಫೋನ್ ಮಾಡ್ತೀನಿ, ನೀವೇ ಕೇಳಿ, ಅಪ್ಪಂಗೆ ನಮ್ಮ ಭಾಷೇಲಿ ನಾನು ಹೇಳ್ತೀನಿ."

ಅವನು ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡ. ಇವಳು ಫೋನ್ ಕಿವಿಗಿಟ್ಟುಕೊಂಡು, ತನ್ನ ಭಾಷೆಯಲ್ಲಿ ಅಪ್ಪನನ್ನು ಕರೆಯುತ್ತ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದಳು.

ಚೀಲ ಬಾಗಿಲಲ್ಲೇ ಉಳಿದಿತ್ತು. ಎತ್ತಿ ಅವಳ ಕೋಣೆಗೆ ಒಯ್ದು, ಬಟ್ಟೆಯನ್ನೆಲ್ಲ ಬೀರುವಿನಲ್ಲಿ ಜೋಡಿಸಿಟ್ಟೆ. ಓಡಾಡುವ ದಾರಿಗೆ ಅಡ್ಡವಾಗಿತ್ತು.